ಗಡಿ ದಾಟದ ಕೋಳಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಏಳನೇ ಕ್ಲಾಸಿನ ಪರೀಕ್ಷೆ ಶುರುವಾದ ಸೋಮವಾರ. ಆಮೇಲೆ ಕೆಲಸ ಸಿಕ್ಕ ಕಡೆಯೇ ನನ್ನೂರು.

ಹೋದ ಚಳಿಗಾಲ ಗಂಡಸಿ ಹತ್ತಿರದ ಹಳ್ಳಿಯೊಂದರಲ್ಲಿ ತೆಂಗಿನಕಾಯಿ ಸುಲಿಯುತ್ತ, ರತ್ನಕ್ಕ ಎಂಬುವವರ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೆ. ಅವರ ನಾಟಿ ಕೋಳಿಗಳಿಗೆ ನೆಗಡಿ ಹಿಡಿಯಿತು. ಮೂಗೆಲ್ಲ ಗೊಣ್ಣೆ, ಉಸಿರೆಳೆದರೆ ಗೊರಗೊರ ಸದ್ದು. ಊರಿನ ಹಿರಿಯ ಸಿದ್ದಣ್ಣ ಬಂದು, ಕಾಯಿಲೆ ಬಿದ್ದ ಒಂದು ಹೇಟೆ ಕೋಳಿಗೆ ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗಿಟ್ಟ.

“ಇದನ್ನ ಪಕ್ಕದೂರಿನ ಗಡೀಲಿ ಬಿಟ್ಟು ಬಾ. ಮಾರಿ ಇದರ ಜೊತೇಲೇ ಹೊಂಟೋಯ್ತಾಳೆ.”

“ಪಕ್ಕದೂರಲ್ಲಿ ಕೋಳಿ ಇಲ್ವಾ, ಸಿದ್ದಣ್ಣ?”

“ಅದು ಅವರ ಪಾಡು ಕಣ್ಲಾ. ನಿಂಗೆ ಊರೂ ಇಲ್ಲ, ಮನೇನೂ ಇಲ್ಲ. ಅದಕ್ಕೇ ನಿಂಗೆ ಹೇಳಿದ್ದು.”

ಆ ಮಾತು ನನ್ನನ್ನು ಕೆರಳಿಸಿತು. “ನಾನು ಹೋಗಲ್ಲ,” ಅಂದೆ.

ರತ್ನಕ್ಕನ ಮನೆ ನಡೆಯುತ್ತಿದ್ದುದೇ ಮೊಟ್ಟೆಯಿಂದ. “ಎಲ್ಲಾ ಸತ್ತೋದ್ರೆ ಏನಪ್ಪಾ ಗತಿ?” ಅಂದರು.

“ಸತ್ರೆ ನನ್ನ ಉಗೀರಿ, ಅಕ್ಕ.”

ಕಾಯಿಲೆ ಕೋಳಿಗಳನ್ನು ಬೇರೆ ಕಡೆ ಕೂಡಿಹಾಕಿದೆ. ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕುತ್ತಿದ್ದ ಹೊಗೆ ನಿಲ್ಲಿಸಿದೆ. ದನದ ಆಸ್ಪತ್ರೆಯ ಡಾಕ್ಟರು ಕೊಟ್ಟ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸಿದೆ. ಅಷ್ಟು ದಿನವೂ ಊರಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಒಂದು ಹುಂಜ ಸತ್ತಿತು. ಉಳಿದವು ಮತ್ತೆ ತಿಪ್ಪೆ ಕೆದಕತೊಡಗಿದವು, ಅರಿಶಿನದ ಹೇಟೆ ಮೊಟ್ಟೆಯನ್ನೂ ಇಟ್ಟಿತು.

ಅಷ್ಟರಲ್ಲಿ ಸುಲಿಯುವ ಕಾಯಿ ಮುಗಿದಿತ್ತು. ನಾನು ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಾಗ ಸಿದ್ದಣ್ಣ ಬಾಗಿಲಿಗೆ ಬಂದು ನಿಂತ.

“ಕೊನೆಗೂ ಮಾರಿ ನಿನ್ನ ಜೊತೆ ಹೊಂಟವಳೆ. ಊರು ದಾಟೋಗಂಟ ಹಿಂದಕ್ಕೆ ತಿರುಗಿ ನೋಡ್ಬೇಡ ಕಣ್ಲಾ.”

“ಬಸ್ ಹತ್ತೋಗಂಟ ತಿರುಗಿ ತಿರುಗಿ ನೋಡ್ತೀನಿ ಕಣಣ್ಣ,” ಅಂದು ಚೀಲದ ಬಾಯಿ ಬಿಗಿದೆ.