ಒತ್ತಕ್ಷರ ಕೂಡಲಿ ಎಂದು ಕಾದ ನಾಹೀದಾ ಟೀಚರ್

ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ೧೯೯೭ರಲ್ಲಿ, ನಾಹೀದಾ ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೈಪಿಂಗ್ ಕ್ಲಾಸು ತೆರೆದರು. ತಂದೆ ಮಕ್ಬುಲಸಾಬರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ನಾಲ್ಕು ಹಳೆಯ ಟೈಪ್‌ರೈಟರುಗಳನ್ನು ಬಿಚ್ಚಿ, ಎಣ್ಣೆ ಹಾಕಿ ಮಗಳಿಗೆ ಸಜ್ಜು ಮಾಡಿಕೊಟ್ಟಿದ್ದರು. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬರುತ್ತವೆ, ನೌಕರಿ ಸಿಗುತ್ತದೆ ಎಂಬ ಆಸೆಯಲ್ಲಿ ಬೆಳಿಗ್ಗೆ ಆರಕ್ಕೇ ಅಲ್ಲಿ ಜನ ಕಾದಿರುತ್ತಿದ್ದರು. ನಾನು ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಹೋಗಿ ಅವರ ಪರಿಚಯವಾಯಿತು. ಒಂದು ದೀರ್ಘ ತಪ್ಪಿದ್ದರೂ ಇಡೀ ಹಾಳೆ ಮತ್ತೆ ಹೊಡೆಯುತ್ತಿದ್ದರು.

ಮುಂದೆ ಕಂಪ್ಯೂಟರ್ ಬಂತು. ಅದರಲ್ಲಿ ಕನ್ನಡ ಬರೆಯುವ ಸಾಫ್ಟ್‌ವೇರಿಗೆ ಸಾವಿರಾರು ರೂಪಾಯಿ. ಕದ್ದ ನಕಲು ಹಾಕಿಕೊಳ್ಳಲು ಟೀಚರ್ ಒಪ್ಪಲಿಲ್ಲ. ಆಗ ಒಂದು ಪತ್ರಿಕೆಯ ಜೊತೆ ಲಿನಕ್ಸ್ ಸೀಡಿ ಬಂತು. ಕಂಪ್ಯೂಟರ್ ನಡೆಸುವ ಈ ಸಾಫ್ಟ್‌ವೇರು ದೇಶವಿದೇಶದ ಜನ ಸೇರಿ ಬರೆದದ್ದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು. ಕನ್ನಡವೂ ಇತ್ತು. ಅದನ್ನು ಜಿಲ್ಲೆಯ ಎಲ್ಲ ಶಾಲೆಗೂ ಮುಟ್ಟಿಸಬೇಕು, ಜನರಿಗೆ ತಿಳಿಯುವಂತೆ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಕೊಡಬೇಕು ಎಂಬ ಹಂಬಲ ಅವರಿಗೆ ಹತ್ತಿತು. ಜಾಹೀರಾತಿನಲ್ಲಿ ದೇಣಿಗೆ ಕೊಟ್ಟ ಪ್ರತಿಯೊಬ್ಬರ ಹೆಸರು ಹಾಕುವುದಾಗಿ ಮಾತು ಕೊಟ್ಟರು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ದೇಣಿಗೆಗಾಗಿ ನಾವಿಬ್ಬರೂ ಸುತ್ತಿದ ಭಾನುವಾರಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಗಂಗಾವತಿ, ಕೊಪ್ಪಳ, ನಮ್ಮ ಯಲಬುರ್ಗಾ ಕಡೆಯ ಹಳ್ಳಿಗಳು. ಕೆಂಪು ಬಸ್ಸು, ಬುತ್ತಿಯಲ್ಲಿ ಅವರ ತಾಯಿ ಚಾಂದಬೀ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಬೇವೂರಿನಲ್ಲಿ ಹೊನ್ನೂರಪ್ಪ ಎಂಬ ರೈತರು ಎಲ್ಲ ಕೇಳಿಸಿಕೊಂಡು, ಕಂಪ್ಯೂಟರ್ ಅಂದರೇನೆಂದು ತಮಗೆ ಗೊತ್ತಿಲ್ಲ, ಮೊಮ್ಮಗಳಿಗೆ ಬೇಕಾದೀತು ಎಂದು ನೂರು ರೂಪಾಯಿ ಕೊಟ್ಟರು. ಹೆಂಡತಿ ಮಾರೆವ್ವನ ಹೆಸರಿನಲ್ಲಿ ಮತ್ತೆ ಐವತ್ತು. ನಾನು ಇನ್ನೂರು ಕೊಟ್ಟೆ. ನನ್ನ ಮಾತು ನಂಬಿ ಕೊಟ್ಟವರು ಮೂವತ್ತು ಜನ.

ಜಾಹೀರಾತು ರಾಜ್ಯೋತ್ಸವದಂದು ಬರಬೇಕಿತ್ತು. ಬರಲಿಲ್ಲ. ದೀಪಾವಳಿ ಆಗಲೇ ಕಳೆದಿತ್ತು, ನವೆಂಬರ್ ತಿಂಗಳೂ ಮುಗಿಯಿತು. ಫೋನ್ ಮಾಡಿದರೆ, ಸ್ವಲ್ಪ ಕೆಲಸ ಉಳಿದಿದೆ ಎಂದಷ್ಟೇ ಹೇಳುತ್ತಿದ್ದರು. ಅಷ್ಟರಲ್ಲಿ ಕ್ಲಾಸಿನ ನೆಲಕ್ಕೆ ಹೊಸ ಟೈಲ್ಸ್ ಬಿದ್ದದ್ದನ್ನು ಯಾರೋ ನೋಡಿ ಬಂದರು. ಯಲಬುರ್ಗಾದ ಚಹಾದಂಗಡಿಯಲ್ಲಿ ನನ್ನ ಮುಖ ಕಂಡರೆ ಜನ ಟೈಲ್ಸ್ ಮಾತು ತೆಗೆಯತೊಡಗಿದರು. ನನಗೂ ಒಳಗೇ ಅನುಮಾನ ಹುಟ್ಟಿತು. ಇಷ್ಟು ವರ್ಷ ಕಂಡ ಮನುಷ್ಯರ ಮೇಲೆ ಹಾಗೆ ಹುಟ್ಟಬಾರದಿತ್ತು.

ಡಿಸೆಂಬರಿನಲ್ಲಿ ಕೊಪ್ಪಳದ ಗ್ರಂಥಾಲಯದ ಕೋಣೆಯಲ್ಲಿ ದೇಣಿಗೆ ಕೊಟ್ಟವರ ಸಭೆ ಸೇರಿತು. ಎಲ್ಲರ ಪರವಾಗಿ ನಾನೇ ಎದ್ದು ರೊಕ್ಕ ಎಲ್ಲಿದೆ ಎಂದು ಕೇಳಿದೆ. ಟೀಚರ್ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಹದಿನೆಂಟು ಸಾವಿರ ಚಿಲ್ಲರೆ, ಒಂದು ಪೈಸೆ ಕದಲಿರಲಿಲ್ಲ. ಟೈಲ್ಸ್ ಹಾಕಿಸಿದ್ದು ಕಟ್ಟಡದ ಮಾಲೀಕರಂತೆ. ಆಮೇಲೆ ಒಂದು ಹಾಳೆ ಬಿಚ್ಚಿದರು. ಲಿನಕ್ಸ್‌ನಲ್ಲಿ ಹೊಡೆದು ಅಚ್ಚು ತೆಗೆದ ದಾನಿಗಳ ಪಟ್ಟಿ. ಪರದೆಯ ಮೇಲೆ ಸರಿ ಕಾಣುವ ಒತ್ತಕ್ಷರಗಳು ಅಚ್ಚಿನಲ್ಲಿ ಒಡೆದು ಪಕ್ಕಕ್ಕೆ ಬಂದು ಕೂತಿದ್ದವು. ಹೊನ್‌ನೂರಪ್‌ಪ. ಮಾರೆವ್‌ವ. ಪುಟದ ತುಂಬ ಹಾಗೆಯೇ.

ಪತ್ರಿಕೆಯವರಿಗೆ ಕೊಟ್ಟಿದ್ದರೆ ಅವರ ಸಾಫ್ಟ್‌ವೇರಿನಲ್ಲೇ ಹೊಡೆದು ಹಾಕುತ್ತಿದ್ದರಲ್ಲ ಎಂದು ಒಬ್ಬರು ಕೇಳಿದರು.

“ಇದರಾಗ ಕನ್ನಡ ಬರತೈತಿ ಅಂತ ಹೇಳಾಕ ಜಾಹೀರಾತು ಕೊಡೋದ್ರಿ,” ಎಂದರು ಟೀಚರ್. “ಅದನ್ನ ಬ್ಯಾರೆದರಾಗ ಹೊಡಿಸಿದ್ರ ಸುಳ್ಳು ಹೇಳಿದಂಗಾಗತೈತಿ.”

“ಮತ್ತ ಇಷ್ಟು ದಿನ ನಮಗ್ಯಾಕ ಹೇಳಲಿಲ್ಲ, ಟೀಚರ?” ಎಂದೆ.

“ನಾಚಿಕಿ ಆತ್ರಿ, ತಿರುಮಲೇಶ ಸರ. ಛಲೋ ಬರತೈತಿ ಅಂತ ಊರೂರು ಹೇಳ್ಕೋತ ಬಂದಾಕಿ ನಾನ.”

ಬೇಕಾದವರು ರೊಕ್ಕ ವಾಪಸ್ ತಗೋಬಹುದು, ಸೋಮವಾರ ಬ್ಯಾಂಕಿನಿಂದ ತೆಗೆದುಕೊಡುತ್ತೇನೆ ಎಂದರು. ಹನ್ನೊಂದು ಜನ ಹೆಸರು ಬರೆಸಿದರು. ಅದರಲ್ಲಿ ನಾನೂ ಒಬ್ಬ. ಅನುಮಾನ ಹೋಗಿತ್ತು. ಆದರೆ ಇಷ್ಟು ದಿನ ನನ್ನನ್ನು ಕತ್ತಲಲ್ಲಿಟ್ಟರಲ್ಲ ಎಂಬ ಸಿಟ್ಟು ಹೋಗಿರಲಿಲ್ಲ. ಹೊನ್ನೂರಪ್ಪನವರು ಮಾತ್ರ ಕನ್ನಡಕ ಏರಿಸಿ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ನನ್ನ ಹೆಸರಿನ ಕಾಲು ಮುರದಾವಲ್ಲವಾ,” ಎಂದರು. “ಇರ್ಲಿ, ಕಟ್ಟು ಹಾಕಿ ಗುಣ ಮಾಡು. ಕಾಯ್ತೀನಿ.”

ಟೀಚರ್ ಆ ಹಾಳೆಯನ್ನೇ ಇಂಟರ್ನೆಟ್ಟಿನಲ್ಲಿ ಲಿನಕ್ಸಿಗೆ ಕನ್ನಡ ಅಕ್ಷರ ಕೂಡಿಸುವ ಕೆಲಸ ಮಾಡುವವರ ಗುಂಪಿಗೆ ಕಳಿಸಿ, ಒಂದೊಂದು ಅಕ್ಷರ ಎಲ್ಲಿ ಒಡೆಯುತ್ತದೆ ಎಂದು ಬರೆದರು. ಚಳಿಗಾಲವೆಲ್ಲ ಅದೇ ನಡೆಯಿತು. ಅವರು ತಿದ್ದಿ ಕಳಿಸುವುದು, ಇವರು ಅಚ್ಚು ತೆಗೆದು ನೋಡಿ ಮತ್ತೆ ಬರೆಯುವುದು. ಮರುವರ್ಷ ಯುಗಾದಿಯ ದಿನ ಜಾಹೀರಾತು ಬಂತು. ಉಳಿದ ಹಣಕ್ಕೆ ಅರ್ಧ ಪುಟ ಸಿಗದೆ ಕಾಲು ಪುಟಕ್ಕಿಳಿದಿತ್ತು. ಹಬ್ಬದ ಮನೆಯಲ್ಲಿ ಕೂತು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಒಂದೂ ತಪ್ಪಿರಲಿಲ್ಲ. ನನ್ನದು ಇರಲಿಲ್ಲ.

ಜೂನ್‌ನಲ್ಲಿ ನಮ್ಮ ಶಾಲೆಗೆ ಸೀಡಿ ಹಾಕಿಕೊಡಲು ಅವರೇ ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು. ನಾನೂ ಮಳೆಯ ಮಾತನ್ನೇ ಆಡಿ ಅವರನ್ನು ಬಸ್ಸು ಹತ್ತಿಸಿ ಬಂದೆ.

ಟೈಪಿಂಗ್ ಕಲಿಯುವವರು ಕಡಿಮೆಯಾಗಿ ಕ್ಲಾಸು ಮುಚ್ಚಿತು. ಟೀಚರ್ ಗಂಗಾವತಿಯಲ್ಲಿ ತಂಗಿಯ ಮನೆಯ ಮುಂದೆ ಅರ್ಜಿ ಬರೆದುಕೊಡುವ ಅಂಗಡಿ ಇಟ್ಟಿದ್ದಾರೆ, ಅದೇ ಲಿನಕ್ಸ್‌ನಲ್ಲಿ. ನಿವೃತ್ತನಾದ ಮೇಲೆ ಹುಡುಕಿಕೊಂಡು ಹೋದೆ. ಅವತ್ತು ನಾನು ಮಾಡಿದ್ದು ತಪ್ಪು ಎಂದೆ.

“ನೀವು ಕೇಳಿದ್ದು ಛಲೋ ಆತ್ರಿ, ಸರ,” ಎಂದರು. “ಕೊಟ್ಟವರಿಗೆ ಹೇಳ್ಬೇಕು ಅನ್ನೋದು ಅವತ್ತ ತಿಳೀತು. ಆಮ್ಯಾಲ ಎಲ್ಲಾರಿಗೂ ತಿಂಗಳಿಗೊಂದ ಪತ್ರ ಹಾಕಿದೆ.”

ಹಣ ವಾಪಸ್ ಪಡೆದವನಾದ್ದರಿಂದ ನನಗೆ ಆ ಪತ್ರಗಳು ಬಂದಿರಲಿಲ್ಲ. ಕೇಳಿದೆ. ಹಳೆಯ ಫೈಲಿನಿಂದ ಮೊದಲನೆಯದರ ಒಂದು ಪ್ರತಿ ತೆಗೆದುಕೊಟ್ಟರು. ಯಲಬುರ್ಗಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಿಚ್ಚಿದೆ. ಮೂರೇ ಸಾಲು ಇತ್ತು: “ಈ ತಿಂಗಳು ಏನೂ ಮುಗಿದಿಲ್ಲ. ನಿಮ್ಮ ಹಣ ಬ್ಯಾಂಕಿನಲ್ಲಿದೆ. ಒತ್ತಕ್ಷರ ಇನ್ನೂ ಒಡೆದೇ ಬರುತ್ತಿದೆ.”