ಹೆಬ್ಬಳ್ಳಿ ತುಪ್ಪದ ಎರಡು ಕೆಂಪು

ಕೇಶ್ವಾಪುರದ ಅಂಗಡಿಗಳು ಇನ್ನೂ ಒಂದೊಂದಾಗಿ ಕಣ್ಣು ಬಿಡುತ್ತಿವೆ. ಕಿರಾಣಿ ಗಂಗಪ್ಪನ ಕಟ್ಟೆಯ ಕೆಳಗೆ ಉಡಚಪ್ಪನವರು ಕುಕ್ಕರಗಾಲಲ್ಲಿ ಕುಳಿತು ಕಟ್ಟಿಗೆಯ ಪೆಟ್ಟಿಗೆ ಬಿಚ್ಚುತ್ತಾರೆ. ಗಾಜಿನ ನಳಿಗೆಗಳು, ಆ್ಯಸಿಡ್ಡಿನ ಬಾಟಲಿ, ಸಕ್ಕರೆ ಪೊಟ್ಟಣ, ಅರಗು, ಹುರಿ. ಆಹಾರ ತಪಾಸಣೆಯ ಕಚೇರಿಯಲ್ಲಿ ಅವರು ಸಿಪಾಯಿ. ಇನ್ಸ್‌ಪೆಕ್ಟರ್ ಸಾಹೇಬರು ಒಳಗೆ ಗಾದಿಯ ಮೇಲೆ ಕೂತಿದ್ದಾರೆ. ಉಡಚಪ್ಪನವರಿಗೆ ಮೇಲೆ ಬಾ ಎಂದವರಿಲ್ಲ.

"ಕೆಳಗ ಇದ್ರ ಛಲೋನ ಆತ್ರಿ. ಬೆಳಕು ನೆಟ್ಟಗ ನಳಿಗಿ ಮ್ಯಾಲೆ ಬೀಳತೈತಿ," ಎಂದು ನಗುತ್ತಾರೆ.

ಅಂಗಡಿಯ ಮಾಡದಲ್ಲಿ ತುಪ್ಪದ ಡಬ್ಬಿಗಳ ಸಾಲು. ಮೇಲೆ ಅಂಟಿಸಿದ ಚೀಟಿಯಲ್ಲಿ ಹಾರ ಹಾಕಿಕೊಂಡ ಎಮ್ಮೆಯ ಚಿತ್ರ: 'ಹೆಬ್ಬಳ್ಳಿಯ ಅಪ್ಪಟ ತುಪ್ಪ. ಬೇರೇನೂ ಬೆರೆಸಿಲ್ಲ.' ಸಾಹೇಬರು ಒಂದನ್ನು ಇಳಿಸಿ ಒಡೆಸುತ್ತಾರೆ. ಕರಗಿಸಿದ ತುಪ್ಪಕ್ಕೆ ಆ್ಯಸಿಡ್, ಚಿಟಿಕೆ ಸಕ್ಕರೆ ಸೇರಿಸಿ ಉಡಚಪ್ಪನವರು ನಳಿಗೆಯನ್ನು ಅಲುಗಾಡಿಸುತ್ತಾರೆ. ಕಾರಖಾನೆಯ ವನಸ್ಪತಿಗೆ ಒಂದಿಷ್ಟು ಎಳ್ಳೆಣ್ಣೆ ಸೇರಿಸಲೇಬೇಕೆಂದು ಸರಕಾರದ ಕಟ್ಟಪ್ಪಣೆಯಿದೆ. ತುಪ್ಪದಲ್ಲಿ ವನಸ್ಪತಿ ಅಡಗಿದ್ದರೆ ಆ ಎಳ್ಳೆಣ್ಣೆಯೇ ಕೆಂಪಾಗಿ ಚಾಡಿ ಹೇಳುತ್ತದೆ. ಹೇಳಿತು. ನಳಿಗೆಯ ತಳ ಗುಲಾಬಿಯಂತೆ ಕೆಂಪು.

ಗಂಗಪ್ಪ ಗಾಬರಿಯಾಗುವುದಿಲ್ಲ. ತುಪ್ಪದ ಗಡಿಗೆ ಇಳಿಸಿ ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳ ಕಡೆಗೆ ಬೊಟ್ಟು ಮಾಡುತ್ತಾನೆ. ಆಕೆ ಶೇವಂತೆವ್ವ. ವಾರಕ್ಕೊಮ್ಮೆ ಹೆಬ್ಬಳ್ಳಿಯಿಂದ ತುಪ್ಪ ತರುವವಳು.

"ನಂದೇನೈತ್ರಿ ಸಾಹೇಬ್ರ? ಈಕಿ ಕೊಟ್ಟದ್ದನ್ನ ಡಬ್ಬಿಗೆ ಹೊಯ್ದು ಚೀಟಿ ಹಚ್ಚೇನಿ, ಅಷ್ಟ. ಕೇಳೂದಿದ್ರ ಈಕಿನ್ನ ಕೇಳ್ರಿ."

ಗಡಿಗೆಯ ತುಪ್ಪವೂ ನಳಿಗೆಗೆ ಬರುತ್ತದೆ. ಅದೂ ಕೆಂಪು.

"ನನ್ನ ಎಮ್ಮಿ ಆಣಿ ಐತ್ರಿ, ನಾ ಏನೂ ಬೆರಸಿಲ್ಲ!" ಶೇವಂತೆವ್ವನ ದನಿ ಒಡೆಯುತ್ತದೆ. "ಜೇಲಿಗೆ ಹಾಕ್ತೀರೇನ್ರಿ? ಸಂಜಿಕ್ಕ ಎಮ್ಮಿ ಯಾರು ಹಿಂಡಬೇಕ್ರಿ?"

ಪಕ್ಕದ ಬಳೆ ಅಂಗಡಿಯ ಖಾತುನಬಿ ತನ್ನ ಮಣೆ ತಂದು ಹಾಕಿ, ಆಕೆಯ ರಟ್ಟೆ ಹಿಡಿದು ಕೂರಿಸಿ, ನೀರಿನ ತಂಬಿಗೆ ಕೈಗೆ ಕೊಡುತ್ತಾಳೆ. ಸಾಹೇಬರು ಪೆನ್ನು ತೆಗೆಯುತ್ತಾರೆ.

ಉಡಚಪ್ಪನವರು ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಲಬೆರಕೆ ತಡೆಯುವ ಕಾಯ್ದೆ ಬಂದು ಎಂಟು ವರ್ಷ. ಅಷ್ಟೂ ವರ್ಷ ಪೆಟ್ಟಿಗೆ ಹೊತ್ತವರು ಅವರೇ. ಓದಿದ್ದು ನಾಲ್ಕನೆಯ ಇಯತ್ತೆ. ಹಳೇ ಹುಬ್ಬಳ್ಳಿಯ ಮನೆಯಿಂದ ನಸುಕಿನಲ್ಲೇ ಹೊರಟು ದಿನಕ್ಕೆ ಎಂಟು ಹತ್ತು ಅಂಗಡಿ ಸುತ್ತಬೇಕು. ಒಂದೊಂದು ಮಾದರಿಗೆ ಮೂರು ಮೂರು ಬಾಟಲಿ ಕಟ್ಟಿ ಅರಗಿನ ಮುದ್ರೆ ಒತ್ತಬೇಕು. ಸಂಜೆ ನಲವತ್ತು ನಳಿಗೆ ತೊಳೆಯಬೇಕು. ಆ್ಯಸಿಡ್ ತಾಗಿ ಎರಡು ಬೆರಳ ತುದಿ ಬೆಳ್ಳಗಾಗಿದೆ. ಪೇಟೆಯಲ್ಲಿ ಅವರಿಗೆ 'ಕೆಂಪನೀರ ಉಡಚ್ಯಾ' ಎಂಬ ಅಡ್ಡಹೆಸರು. ಹಿಂದೊಮ್ಮೆ ಬೇರೊಬ್ಬ ಸಾಹೇಬರ ಮುಂದೆ ಬಾಯಿ ಹಾಕಿದ್ದಕ್ಕೆ "ಪೆಟಗಿ ಹೊರೂದಷ್ಟ ನಿನ್ನ ಕೆಲಸ" ಎಂದು ಅಂಗಡಿಕಾರರ ಎದುರೇ ಅನ್ನಿಸಿಕೊಂಡಿದ್ದಾರೆ.

ಆದರೆ ಅವರಿಗೆ ಒಂದು ವಿಷಯ ಗೊತ್ತಿದೆ, ಅದನ್ನು ಕಲಿತದ್ದು ಸಂಸಾರ ಕೆಡಿಸಿಕೊಂಡು. ಹೋದ ವರ್ಷ ಹುರುಪಿಗೆ ಮನೆಯ ತುಪ್ಪವನ್ನೇ ತಂದು ನೋಡಿದರು. ಕೆಂಪಾಯಿತು. ಹೆಂಡತಿ ಮುತ್ತವ್ವನಿಗೆ "ಕದ್ದು ವನಸ್ಪತಿ ಕೂಡಸ್ತೀಯೇನು?" ಎಂದುಬಿಟ್ಟರು.

"ನಿಮ್ಮ ನಳಿಗೀನ ನಂಬ್ರಿ, ಇಪ್ಪತ್ತು ವರ್ಷ ಬಾಳೇ ಮಾಡಿದಾಕಿನ್ನ ನಂಬಬ್ಯಾಡ್ರಿ," ಎಂದಳು ಮುತ್ತವ್ವ. "ಬೆಣ್ಣಿ ಕಾಸುವಾಗ ಒಂದು ವೀಳ್ಯದೆಲಿ, ಒಂದು ಚಿಟಿಕಿ ಅರಿಷಿಣ ಹಾಕೇನಿ. ನಿಮ್ಮವ್ವ ಹಾಕ್ತಿರಲಿಲ್ಲೇನು?" ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಉಡಚಪ್ಪನವರು ಸಕ್ಕರೆಯಿಲ್ಲದೆ ಬರೀ ಆ್ಯಸಿಡ್ ಹಾಕಿ ನೋಡಿದರು. ಆಗಲೂ ಕೆಂಪು. ಎಳ್ಳೆಣ್ಣೆ ಸಕ್ಕರೆಯಿಲ್ಲದೆ ಕೆಂಪಾಗದು; ಇದು ಅರಿಷಿಣದ ಕೆಂಪು.

ಸಾಹೇಬರು ಶೇವಂತೆವ್ವನ ಹೆಸರು ಬರೆಯತೊಡಗಿದ್ದಾರೆ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಒಂದ ಸಲ ಸಕ್ಕರಿ ಇಲ್ಲದ ನೋಡೂಣ್ರಿ."

"ಸಿಪಾಯಿ ಹೇಳಿದಂಗ ಕೇಳೂ ಕಾಲ ಬಂತ್ರೆಪಾ," ಎಂದು ಗಂಗಪ್ಪ ಕುಹಕವಾಡುತ್ತಾನೆ. ಸಾಹೇಬರು ಉಡಚಪ್ಪನವರ ಮುಖವನ್ನೊಮ್ಮೆ ನೋಡಿ, "ನೋಡು," ಎನ್ನುತ್ತಾರೆ.

ಡಬ್ಬಿಯ ತುಪ್ಪಕ್ಕೆ ಬರೀ ಆ್ಯಸಿಡ್: ಬಣ್ಣವಿಲ್ಲ. ಗಡಿಗೆಯ ತುಪ್ಪಕ್ಕೆ ಬರೀ ಆ್ಯಸಿಡ್: ಕೆಂಪು.

"ಯವ್ವಾ, ಕಾಸುವಾಗ ಏನ ಹಾಕ್ತೀಬೇ?"

"ಅರಿಷಿಣ ಹಾಕ್ತೇನ್ರಿ... ಹಾಕಬಾರದೇನ್ರಿ?"

ಇನ್ನೂ ಮುಗಿದಿಲ್ಲ. ಅರಿಷಿಣದ ಹಿಂದೆ ವನಸ್ಪತಿಯೂ ಅಡಗಿರಬಹುದು. ಉಡಚಪ್ಪನವರು ಗಡಿಗೆಯ ತುಪ್ಪವನ್ನು ಆ್ಯಸಿಡ್ಡಿನಲ್ಲಿ ತೊಳೆದು ಕೆಂಪು ಚೆಲ್ಲುತ್ತಾರೆ. ಮತ್ತೆ ತೊಳೆಯುತ್ತಾರೆ, ನಸುಗೆಂಪು. ಮೂರನೆಯ ಸಲಕ್ಕೆ ಬಣ್ಣ ಹೋಗುತ್ತದೆ. ಈಗ ಸಕ್ಕರೆ. ಖಾತುನಬಿ ಶೇವಂತೆವ್ವನ ಕೈ ಬಿಟ್ಟಿಲ್ಲ. ನಳಿಗೆ ಅಲುಗುತ್ತದೆ, ನಿಲ್ಲುತ್ತದೆ. ಐದು ನಿಮಿಷ ಕಾಯಬೇಕು. ತಳದ ನೀರು ತಿಳಿಯಾಗಿಯೇ ಉಳಿಯುತ್ತದೆ.

"ಗಂಗಪ್ಪ ಸಾವಕಾರ್ರ," ಉಡಚಪ್ಪನವರು ಮೆಲ್ಲಗೆ ಹೇಳುತ್ತಾರೆ, "ಡಬ್ಬಿಯೊಳಗ ಈಕಿ ತುಪ್ಪ ಇದ್ದಿದ್ರ ಈಕಿ ಅರಿಷಿಣಾನೂ ಇರಬೇಕಿತ್ತಲ್ರಿ. ಚೀಟಿ ಹೆಬ್ಬಳ್ಳಿದು, ಒಳಗಿಂದು ಕಾರಖಾನಿದು."

ಸಾಹೇಬರು ಬರೆದ ಹೆಸರು ಹೊಡೆದುಹಾಕಿ ಕಟ್ಟೆಯಿಂದ ಕೆಳಗಿಳಿದು ಬರುತ್ತಾರೆ. ಉಡಚಪ್ಪನವರು ಅರಗು ಕಾಯಿಸುವಷ್ಟು ಹೊತ್ತು ಮಾದರಿಯ ಬಾಟಲಿಗಳನ್ನು ಸಾಹೇಬರು ತಾವೇ ಹಿಡಿದು ನಿಲ್ಲುತ್ತಾರೆ. ಎಂಟು ವರ್ಷದಲ್ಲಿ ಇದು ಮೊದಲ ಸಲ.

"ಅಣ್ಣಾ, ಒಂದು ವಾಟಗಾ ತುಪ್ಪ ಮನಿಗೆ ಒಯ್ಯೋ," ಎಂದು ಶೇವಂತೆವ್ವ ಹಟ ಹಿಡಿಯುತ್ತಾಳೆ.

"ಬ್ಯಾಡಬೇ ಯವ್ವಾ. ತಪಾಸಣಿ ಮಾಡೂ ಕೈ ತುಪ್ಪ ಇಸಗೊಂಡ್ರ ಅದೂ ಕಲಬೆರಕಿನ."

ಮುಂದಿನದನ್ನು ಸರಕಾರಿ ಪ್ರಯೋಗಶಾಲೆ, ಕೋರ್ಟು ನೋಡಿಕೊಳ್ಳುತ್ತವೆ. ಅಲ್ಲಿಯ ಕಾಗದಗಳಲ್ಲಿ ಸಿಪಾಯಿಯ ಹೆಸರಿಗೆ ಜಾಗವಿಲ್ಲ. ಬೇಸರವಿಲ್ಲವೇ ಎಂದರೆ ಉಡಚಪ್ಪನವರು ಇಲ್ಲವೆಂದು ತಲೆಯಾಡಿಸುತ್ತಾರೆ. ಅವರ ಆಸೆ ಬೇರೆ. ಕಚೇರಿಯ ಗೋಡೆಯ ಮೇಲೆ ಪರೀಕ್ಷೆಯ ಕ್ರಮ ಬರೆದ ಇಂಗ್ಲಿಷ್ ಹಲಗೆಯೊಂದಿದೆ.

"ಅದರ ಕೆಳಗ ಕನ್ನಡದಾಗ ಒಂದ ಸಾಲು ಬರಸ್ರಿ ಅಂತ ಸಾಹೇಬ್ರನ್ನ ಕೇಳೇನ್ರಿ: 'ಮೊದಲ ಸಕ್ಕರಿ ಇಲ್ಲದ ನೋಡ್ರಿ.' ನಾ ಇನ್ನ ನಾಕ ವರ್ಷಕ್ಕ ರಿಟಾಯರ್ ಆಗಾಂವ. ನನ್ನ ಜಾಗಾಕ್ಕ ಬರಾಂವಗ ಇದು ಗೊತ್ತಿರತೈತೋ ಇಲ್ಲೋ. ಬೆಣ್ಣಿ ಕಾಸೂ ಹೆಣ್ಣಮಕ್ಕಳು ಅರಿಷಿಣ ಹಾಕೂದಂತೂ ಬಿಡೂದಿಲ್ಲ."