ತೆನೆ ಹಬ್ಬದಂದು ತಡವಾದ ಊಟ

ಸೆಪ್ಟೆಂಬರ್ ಎಂಟರಂದು ಹೆಮ್ಮಾಡಿಯ ನಮ್ಮ ಓಣಿಗೆ ಗಂಗೊಳ್ಳಿಯ ಮೀನಿನ ಹೆಂಗಸು ಬರುತ್ತಿರಲಿಲ್ಲ. ಕ್ರೈಸ್ತರ ಮನೆಗಳಲ್ಲಿ ಅಂದು ಮೀನು ಬೇಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅದು ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ. ನಮ್ಮ ಬಾಯಲ್ಲಿ ತೆನೆ ಹಬ್ಬ. ಅದಕ್ಕೂ ಹಿಂದಿನ ಒಂಬತ್ತು ದಿನ ನಾವು ಮಕ್ಕಳು ಬೇಲಿ ಬೇಲಿ ಸುತ್ತಿ ರಥಪುಷ್ಪ, ದಾಸವಾಳ, ಹೆಸರು ಗೊತ್ತಿಲ್ಲದ ಕಾಡುಹೂಗಳನ್ನು ಕೊಯ್ದು ಇಗರ್ಜಿಯ ಮರಿಯಮ್ಮನ ಮೂರ್ತಿಗೆ ಒಯ್ಯುತ್ತಿದ್ದೆವು. ಯಾರ ಬುಟ್ಟಿ ತುಂಬಿದೆ ಎಂಬ ಪೈಪೋಟಿಯಲ್ಲಿ ಅಣ್ಣನೇ ಯಾವಾಗಲೂ ಮುಂದು.

ಹಬ್ಬದ ದಿನ ಫಾದರ್ ಆಶೀರ್ವದಿಸಿ ಕೊಟ್ಟ ಭತ್ತದ ತೆನೆ ಮನೆಗೆ ಬರುತ್ತಿತ್ತು. ಅಮ್ಮ ಕಾಳು ಸುಲಿದು, ಕುಟ್ಟಿ, ಬೆಲ್ಲ ಹಾಕಿದ ಕಾಯಿಹಾಲಿಗೆ ಬೆರೆಸುತ್ತಿದ್ದಳು. ಎಲ್ಲರಿಗೂ ಒಂದೇ ಬಟ್ಟಲು. ಅದು ಹಿರಿಯರಿಂದ ಕಿರಿಯರ ಕೈಗೆ ದಾಟುತ್ತಿತ್ತು. ಮನೆಯಲ್ಲಿರುವ ಕೊನೆಯವರು ಕುಡಿಯುವ ತನಕ ಯಾರ ಎಲೆಗೂ ಅನ್ನ ಬೀಳುತ್ತಿರಲಿಲ್ಲ.

ಅಣ್ಣ ಮುಂಬಯಿ ಬಿಟ್ಟು ಊರಿಗೆ ಬಂದ ವರ್ಷದ ಹಬ್ಬವನ್ನು ಬರೆದಿಡಬೇಕು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಣ್ಣ ಮುಂಬಯಿಯಲ್ಲಿ ಒಂದು ಪ್ರಾರ್ಥನಾ ಗುಂಪು ಸೇರಿದ್ದ. ಬೈಬಲ್ಲಿನಲ್ಲಿ ಇಲ್ಲದ್ದನ್ನು ಆಚರಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಎಷ್ಟೋ ವರ್ಷಗಳ ಮೇಲೆ ಇಬ್ಬರು ಮಕ್ಕಳೂ ತನ್ನ ಮುಂದೆ ಹೊಸ ಅಕ್ಕಿ ಕುಡಿಯಬೇಕು ಎಂಬುದು ಅಮ್ಮನ ಆಸೆ. ಅವಳು ಗುಟುಕರಿಸಿ ಬಟ್ಟಲನ್ನು ಅಣ್ಣನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

ನಮ್ಮ ಮನೆಮಾತು ಕೊಂಕಣಿ. ಜಗಳಕ್ಕೆ ಮಾತ್ರ ಕುಂದಾಪ್ರ ಕನ್ನಡ.

"ಮರಿಯಮ್ಮ ಹುಟ್ಟಿದ್ ದಿನ ಬೈಬಲ್ಲಗೆ ಎಲ್ಲ್ ಬರ್ದಿತ್ತ್? ತೋರ್ಸ್, ಕುಡಿತೆ," ಎಂದ ಅಣ್ಣ.

"ನೀ ಹುಟ್ಟಿದ್ ದಿನ ಬರ್ದಿತ್ತಾ ಅದ್ರಗೆ? ಪ್ರತಿ ವರ್ಷ ಪಾಯಸ ತಿಂತಿದ್ಯಲ್ಲ!"

"ತಮಾಷಿ ಬ್ಯಾಡ ಅಮ್ಮ. ದೇವ್ರ ಮಾತಿಗೆ ಮನ್ಷರ್ ಸೇರ್ಸದ್ದ್ ನಂಗ್ ಬ್ಯಾಡ."

ಅಮ್ಮ ಭಾನುವಾರಗಳಂದು ಮಕ್ಕಳಿಗೆ ಧರ್ಮಪಾಠ ಹೇಳಿಕೊಟ್ಟವಳು. "ಬೈಬಲ್ಲಗೆ ಯಾವ್ ಪುಸ್ತಕ ಸೇರ್ಕ್, ಯಾವ್ದ್ ಬ್ಯಾಡ ಅಂದೇಳಿ ಆರ್ಸಿದ್ದ್ ಯಾರ್ ಮಗಾ? ಹಳೇ ಕಾಲದ್ ಧರ್ಮಸಭೆಯವ್ರೇ ಅಲ್ದಾ? ಅವ್ರ್ ಆರ್ಸದ್ ಪುಸ್ತಕ ಬೇಕ್, ಅವ್ರ್ ಮಾಡದ್ ಹಬ್ಬ ಬ್ಯಾಡ. ಇದೆಂತ ನ್ಯಾಯ?"

ಅಣ್ಣ ಎದ್ದು ಜಗಲಿಗೆ ಹೋದ. ಪತ್ರಿಕೆಯ ಕೆಲಸದಲ್ಲಿ ನಾನು ದಿನವೂ ಕೇಳುತ್ತಿದ್ದುದೂ ಅವನ ಪ್ರಶ್ನೆಯನ್ನೇ: ಇದಕ್ಕೆ ಆಧಾರವೇನು? ಮರಿಯಮ್ಮನ ಜನನದ ವಿವರ ಬೈಬಲ್ಲಿನಲ್ಲಿ ಇಲ್ಲ, ಅದು ನಿಜ. ಆದರೆ ಅಮ್ಮ ಕೇಳಿದ್ದೂ ಆಧಾರವನ್ನೇ. ಸೌತೆಯ ಹುಳಿ, ಕೆಸುವಿನ ಪಲ್ಯ ಆರುತ್ತಿದ್ದವು. ಅಮ್ಮ ಎಲೆಗಳಿಗೆ ಬಂದು ಕೂರುವ ನೊಣ ಓಡಿಸುತ್ತಿದ್ದಳು.

ಸುಮಾರು ಹೊತ್ತಾದ ಮೇಲೆ ಅಣ್ಣ ತನ್ನ ಬೈಬಲ್ ಹಿಡಿದು ಒಳಗೆ ಬಂದ. ಮೊದಲ ಬೆಳೆಯ ತೆನೆಯ ಸಿವುಡನ್ನು ದೇವರಿಗೆ ಒಪ್ಪಿಸಬೇಕೆಂದು ಅದರ ಹಳೆಯ ಒಡಂಬಡಿಕೆಯಲ್ಲಿ ಹೇಳಿದೆ; ಆ ಪುಟದ ಮೇಲೆ ಬೆರಳಿಟ್ಟು ತೋರಿಸಿದ.

"ಇಷ್ಟ್ ಬರ್ದಿತ್ತ್. ಇದ್ನ ಓದಿ ಕುಡಿತೆ. ಹುಟ್ಟಿದ್ ಹಬ್ಬಕ್ಕಲ್ಲ."

"ಓದ್."

ಅವನು ನಿಂತೇ ಓದಿದ. ಮುಗಿದ ಮೇಲೆ ಅಮ್ಮ ನಿಧಾನವಾಗಿ ಹೇಳಿದಳು: "ನನ್ನ್ ಅಮ್ಮಂಗೆ ಓದುಕೆ ಬತ್ತಿರ್ಲಿಲ್ಲೆ. ಪೂಜೆ ಆಗ ಲ್ಯಾಟಿನ್ನಗೆ. ಒಂದಕ್ಷರ ಅರ್ಥ ಆತಿರ್ಲಿಲ್ಲೆ. ಆದ್ರೂ ತೆನೆ ಸುಲಿತಾ ನಂಗ್ ಹೇಳ್ತಿದ್ದಳ್, ತೆನೆ ಕಂಡ್ರೆ ಅನ್ನ ಬತ್ತ್ ಅಂದೇಳಿ ಅರ್ಥ, ಆ ಹೆಣ್ಣ್ ಹುಟ್ಟಿದ್ದೂ ಹಾಂಗೆ, ಯೇಸು ಬಪ್ಪುಕ್ ಮುಂಚೆ ಕಂಡ ತೆನೆ ಅಂದೇಳಿ. ನೀ ಓದಿದ್ದನ್ನೇ ಅವ್ಳ್ ಹಾಂಗ್ ತಿಳ್ಕಂಡದ್ದ್. ಅವ್ಳಿಗೂ ಯಾರೋ ಹೇಳದ್ದೇ."

ಅಣ್ಣ ಪುಸ್ತಕ ಮುಚ್ಚಿ ಕುಳಿತ. ಮುಜುಗರದಿಂದ ನಕ್ಕ.

"ನಾ ಒಪ್ಕಂಡದ್ದಲ್ಲ. ಹೊಟ್ಟೆ ಹಸಿತ್, ಅಷ್ಟೆ."

"ಹಸಿವಿಗೇ ಅಲ್ದಾ ಊಟ. ಕುಡಿ."

ಅವನು ಎರಡೂ ಕೈಯಲ್ಲಿ ಬಟ್ಟಲೆತ್ತಿದ. ಅಮ್ಮ ಈಗಿಲ್ಲ, ಅಣ್ಣ ಆಮೇಲೆ ಒಪ್ಪಿದನೋ ಇಲ್ಲವೋ, ನಾನು ಕೇಳಿಲ್ಲ. ಕಂಡಷ್ಟನ್ನು ಹೇಳಬಲ್ಲೆ: ಬಟ್ಟಲು ನನ್ನ ಕೈಗೆ ಬಂದಾಗ ತಳದಲ್ಲಿ ನನ್ನ ಪಾಲು ಮಾತ್ರ ಉಳಿದಿತ್ತು, ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆದಿದ್ದಳು.